ಗ್ಲೈಡಿಂಗ್ ಸ್ಪರ್ಧೆಯಲ್ಲಿ ಹೆಣ್ಣು ಗಂಡಿನ ವಿಂಗಡಣೆ: ನ್ಯಾಯದ ಒಂದು ಪ್ರಶ್ನೆ

ಕ್ರೀಡಾಸ್ಪರ್ಧೆಗಳಲ್ಲಿ ಮಹಿಳೆಯರನ್ನೂ ಪುರುಷರನ್ನೂ ಬೇರೆಬೇರೆಯಾಗಿ ನಿಲ್ಲಿಸುವ ಪದ್ಧತಿ ಎಷ್ಟು ಬೇರೂರಿದೆಯೆಂದರೆ, ಅದಕ್ಕೊಂದು ಸಮರ್ಥನೆ ಬೇಕೆಂಬ ಮಾತೇ ಸಾಮಾನ್ಯವಾಗಿ ಏಳುವುದಿಲ್ಲ. ಓಟ, ಈಜು, ಭಾರ ಎತ್ತುವ ಸ್ಪರ್ಧೆ ಮೊದಲಾದವುಗಳಲ್ಲಿ ಆ ಸಮರ್ಥನೆ ಕಣ್ಣೆದುರಿಗೇ ಇದೆ. ಸ್ನಾಯುಗಳ ಗಾತ್ರ, ಎಲುಬಿನ ಉದ್ದ, ಆಮ್ಲಜನಕವನ್ನು ಹೊರುವ ರಕ್ತದ ಸಾಮರ್ಥ್ಯ ಇವೆಲ್ಲ ಹರೆಯದ ನಂತರ ಪುರುಷರಲ್ಲಿ ಸರಾಸರಿ ಹೆಚ್ಚಾಗಿರುವುದರಿಂದ, ವಿಂಗಡಣೆ ಇಲ್ಲದಿದ್ದರೆ ಉನ್ನತ ಮಟ್ಟದ ಓಟದ ಕಣದಲ್ಲಿ ಮಹಿಳೆಯರು ಕಾಣಿಸುವುದೇ ಅಪರೂಪವಾಗುತ್ತಿತ್ತು. ಆದರೆ ಎಂಜಿನ್ನಿನ ನೆರವಿಲ್ಲದೆ, ಗಾಳಿಯ ಏರುಪ್ರವಾಹಗಳನ್ನೇ ನೆಚ್ಚಿಕೊಂಡು ನೂರಾರು ಕಿಲೋಮೀಟರ್ ಹಾರುವ ಗ್ಲೈಡಿಂಗ್‌ಗೆ ಈ ಸಮರ್ಥನೆ ತಾನಾಗಿ ಒದಗಿಬರುವುದಿಲ್ಲ. ಹಾಗಿದ್ದರೂ 2001ರಲ್ಲಿ ಲಿಥುವೇನಿಯಾದ ಪೊಚಿಯೂನಾಯ್‌ನಲ್ಲಿ ಮೊದಲ ಮಹಿಳಾ ವಿಶ್ವ ಗ್ಲೈಡಿಂಗ್ ಚಾಂಪಿಯನ್‌ಶಿಪ್ ನಡೆಯಿತು, ಅಂದಿನಿಂದ ಅದು ಮುಂದುವರಿದುಕೊಂಡು ಬಂದಿದೆ. ದೇಹಬಲ ನಿರ್ಣಾಯಕವಲ್ಲದ ಕಣದಲ್ಲಿ ಲಿಂಗವನ್ನು ನೋಡಿ ಸ್ಪರ್ಧಿಗಳನ್ನು ಬೇರ್ಪಡಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಕ್ರೀಡಾ ಆಡಳಿತದವರ ಮೇಜಿಗೆ ಬಿಟ್ಟುಬಿಡುವಂತಿಲ್ಲ. ಸಮಾನತೆಯೆಂದರೆ ಭೇದವನ್ನು ಲೆಕ್ಕಕ್ಕೆ ಹಿಡಿಯದಿರುವುದೋ ಅಥವಾ ಭೇದದ ಹೆಸರಿನಲ್ಲಿ ಆಗಿಹೋದ ನಷ್ಟವನ್ನು ಲೆಕ್ಕ ಹಾಕಿ ತುಂಬಿಕೊಡುವುದೋ ಎಂಬ ಹಳೆಯ ತಾತ್ತ್ವಿಕ ವಿವಾದ ಇಲ್ಲಿ ಬಹಳ ಸ್ಪಷ್ಟವಾದ ರೂಪದಲ್ಲಿ ಎದುರಾಗುತ್ತದೆ.

ವಿಚಾರ ಮುಂದುವರಿಯುವ ಮೊದಲು ಈ ಸ್ಪರ್ಧೆಯಲ್ಲಿ ಅಳೆಯುವುದು ಏನನ್ನು ಎಂಬುದು ಗೊತ್ತಾಗಬೇಕು. ಸಣ್ಣ ಎಂಜಿನ್ ವಿಮಾನವೊಂದು ಹಗ್ಗ ಕಟ್ಟಿ ಗ್ಲೈಡರನ್ನು ಸುಮಾರು 600 ಮೀಟರ್ ಎತ್ತರಕ್ಕೆ ಎಳೆದೊಯ್ದು ಬಿಡುತ್ತದೆ. ಅಲ್ಲಿಂದ ಮುಂದೆ ಪೈಲಟ್ ಆರಂಭದ ಗೆರೆಯನ್ನು ದಾಟಿ, ಸಂಘಟಕರು ಅಂದು ಬೆಳಿಗ್ಗೆ ಗೊತ್ತುಪಡಿಸಿದ ತಿರುವುಗಳನ್ನು ಒಂದೊಂದಾಗಿ ಸುತ್ತಿ, ಎಲ್ಲರಿಗಿಂತ ಬೇಗ ಮರಳಬೇಕು. ಹಾದಿಯನ್ನು ಗ್ಲೈಡರಿನೊಳಗಿನ ಉಪಗ್ರಹಾಧಾರಿತ ಯಂತ್ರ ದಾಖಲಿಸುತ್ತ ಹೋಗುತ್ತದೆ, ದಿನದ ವಿಜೇತರಿಗೆ ಹೆಚ್ಚೆಂದರೆ 1000 ಅಂಕ ಸಿಗುತ್ತದೆ, ಹಲವು ದಿನಗಳ ಅಂಕಗಳ ಮೊತ್ತದಿಂದ ಚಾಂಪಿಯನ್ ಯಾರೆಂಬುದು ನಿರ್ಧಾರವಾಗುತ್ತದೆ. ಗ್ಲೈಡರ್ ಸದಾ ಕೆಳಕ್ಕೆ ಜಾರುತ್ತಲೇ ಇರುವ ವಿಮಾನ. ಅದು ಮೇಲೇರಬೇಕಾದರೆ, ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬಗಳನ್ನು, ಅಂದರೆ ಪೈಲಟ್‌ಗಳು ಥರ್ಮಲ್ ಎನ್ನುವ ಪ್ರವಾಹಗಳನ್ನು, ಹುಡುಕಿ ಅವುಗಳೊಳಗೆ ಸುತ್ತು ಹಾಕಬೇಕು. ಎಷ್ಟು ಎತ್ತರಕ್ಕೆ ಏರಿದ ಮೇಲೆ ಸುತ್ತುವುದನ್ನು ಬಿಟ್ಟು ಹೊರಡಬೇಕು, ಮುಂದಿನ ಥರ್ಮಲ್ ಎಷ್ಟು ಬಲವಾಗಿರಬಹುದೆಂದು ಅಂದಾಜಿಸಿ ಎಷ್ಟು ವೇಗದಲ್ಲಿ ಜಾರಬೇಕು ಎಂಬುದೇ ಈ ಕ್ರೀಡೆಯ ತಿರುಳು. ಇದಕ್ಕೊಂದು ಗಣಿತದ ಸೂತ್ರವನ್ನು ಜನಪ್ರಿಯಗೊಳಿಸಿದ ಅಮೆರಿಕದ ಪಾಲ್ ಮೆಕ್‌ಕ್ರೆಡಿ 1956ರಲ್ಲಿ ಫ್ರಾನ್ಸಿನ ಸೇಂಟ್‌ಯಾನ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಗ್ಲೈಡರಿನ ಕಾಕ್‌ಪಿಟ್ ಒಳಗೆ ಪೈಲಟ್ ಕೂತಿರುವುದಕ್ಕಿಂತ ಹೆಚ್ಚಾಗಿ ಒರಗಿ ಮಲಗಿದ ಭಂಗಿಯಲ್ಲಿರುತ್ತಾರೆ. ಬೆನ್ನಿಗೆ ಪ್ಯಾರಾಚೂಟ್, ಮೊಣಕಾಲುಗಳ ನಡುವೆ ನಿಯಂತ್ರಣದ ಕೋಲು, ಪಾದಗಳಡಿ ಬಾಲದ ಚುಕ್ಕಾಣಿಯನ್ನು ತಿರುಗಿಸುವ ಪೆಡಲುಗಳು. ಕೋಲನ್ನು ಎರಡು ಬೆರಳುಗಳಲ್ಲೇ ಆಡಿಸಬಹುದಾದಷ್ಟು ಅದು ಹಗುರ. ಗಾಳಿ ಮೇಲೆತ್ತುತ್ತಿದೆಯೋ ಕೆಳಗಿಳಿಸುತ್ತಿದೆಯೋ ಎಂಬುದನ್ನು ವೇರಿಯೋಮೀಟರ್ ಎಂಬ ಉಪಕರಣ ದನಿಯ ಏರಿಳಿತದಲ್ಲಿ ತಿಳಿಸುತ್ತದೆ, ಆದ್ದರಿಂದ ಕಣ್ಣು ಹೊರಗಿನ ಮೋಡಗಳ ಮೇಲೂ ಅದೇ ಥರ್ಮಲ್ಲಿನಲ್ಲಿ ಸುತ್ತುತ್ತಿರುವ ಇತರ ಗ್ಲೈಡರುಗಳ ಮೇಲೂ ಇರಬಹುದು. ರೆಕ್ಕೆಯನ್ನು 45 ಡಿಗ್ರಿ ವಾಲಿಸಿ ಸುತ್ತುವಾಗ ದೇಹದ ಮೇಲೆ ಬೀಳುವ ಭಾರ ಸಹಜ ತೂಕದ ಸುಮಾರು 1.4 ಪಟ್ಟು ಮಾತ್ರ. ಯುದ್ಧವಿಮಾನದ ಪೈಲಟ್‌ಗಳು ತಡೆದುಕೊಳ್ಳಬೇಕಾದ ಒತ್ತಡಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬೇಕಾಗುವುದು ನಾಲ್ಕೈದು ಗಂಟೆ ಕುಂದದ ಏಕಾಗ್ರತೆ, ಹವಾಮಾನದ ಆಳವಾದ ತಿಳಿವಳಿಕೆ, ಅಪಾಯವನ್ನು ತೂಗುವ ಎದೆಗಾರಿಕೆ.

ದೇಹದ ವ್ಯತ್ಯಾಸ ನಿಜವಾಗಿಯೂ ಲೆಕ್ಕಕ್ಕೆ ಬರುವುದು ತೂಕದ ವಿಷಯದಲ್ಲಿ. ಭಾರವಾದ ಗ್ಲೈಡರ್ ಅದೇ ಇಳಿಜಾರಿನಲ್ಲಿ ಹೆಚ್ಚು ವೇಗವಾಗಿ ಜಾರುತ್ತದೆ, ಆದ್ದರಿಂದ ಥರ್ಮಲ್‌ಗಳು ಬಲವಾಗಿರುವ ದಿನ ಭಾರವೇ ಲಾಭ. ಆದರೆ ಈ ಲಾಭ ಪೈಲಟ್‌ನ ಮೈಗೆ ಅಂಟಿದ್ದಲ್ಲ. ಹೆಚ್ಚಿನ ವಿಭಾಗಗಳಲ್ಲಿ ರೆಕ್ಕೆಯೊಳಗಿನ ತೊಟ್ಟಿಗಳಿಗೆ ನೀರು ತುಂಬಿ ಗ್ಲೈಡರಿನ ಒಟ್ಟು ತೂಕವನ್ನು ನಿಗದಿತ ಗರಿಷ್ಠ ಮಿತಿಗೆ ಏರಿಸಬಹುದು, ಹೀಗಾಗಿ 55 ಕಿಲೋ ತೂಗುವ ಪೈಲಟ್ ತುಸು ಹೆಚ್ಚು ನೀರು ತುಂಬಿಕೊಂಡು 90 ಕಿಲೋ ತೂಗುವವರ ಸಮಕ್ಕೆ ನಿಲ್ಲುತ್ತಾರೆ. ನೀರು ತುಂಬಲು ಅವಕಾಶವಿಲ್ಲದ ಕ್ಲಬ್ ವಿಭಾಗದಲ್ಲಿ ಮಾತ್ರ ಹಗುರ ಪೈಲಟ್‌ಗೆ ತುಸು ತೊಡಕಾಗುತ್ತದೆ. ಅಲ್ಲಿಯೂ ಆಸನದ ಕನಿಷ್ಠ ಭಾರದ ನಿಯಮವನ್ನು ಪೂರೈಸಲು ಸೀಸದ ತುಂಡುಗಳನ್ನು ಇಡುವುದು ವಾಡಿಕೆ. ಮುಖ್ಯವಾದ ಮಾತೆಂದರೆ, ತೂಕ ಸಮಸ್ಯೆಯಾದರೆ ವಿಂಗಡಣೆ ತೂಕದ ಮೇಲೆ ಆಗಬೇಕು. ಸಣ್ಣ ಆಳಿನ ಗಂಡಸಿಗೂ ಇದೇ ತೊಡಕು ಇರುವಾಗ, ಲಿಂಗವನ್ನು ತೂಕದ ಬದಲಿ ಅಳತೆಗೋಲಾಗಿ ಬಳಸುವುದಕ್ಕೆ ಯಾವ ತಾರ್ಕಿಕ ಆಧಾರವೂ ಇಲ್ಲ.

ಈ ತರ್ಕಕ್ಕೆ ಬಹು ಹಿಂದೆಯೇ ರೂಪ ಕೊಟ್ಟವನು ಪ್ಲೇಟೋ. ಅವನ 'ರಿಪಬ್ಲಿಕ್' ಗ್ರಂಥದ ಐದನೆಯ ಭಾಗದಲ್ಲಿ, ರಾಜ್ಯವನ್ನು ಕಾಯುವ ಕೆಲಸಕ್ಕೆ ಹೆಂಗಸರು ಅರ್ಹರೇ ಎಂಬ ಚರ್ಚೆ ಬಂದಾಗ, ಸಾಕ್ರೆಟಿಸ್ ಬೋಳುತಲೆಯವರ ಮತ್ತು ತಲೆಗೂದಲಿರುವವರ ದೃಷ್ಟಾಂತವನ್ನು ಎತ್ತುತ್ತಾನೆ. ಇವರಿಬ್ಬರ ಸ್ವಭಾವ ಬೇರೆಯೆಂಬುದು ನಿಜ. ಹಾಗೆಂದು ಬೋಳುತಲೆಯವರು ಚಪ್ಪಲಿ ಹೊಲಿಯುತ್ತಿದ್ದರೆ ಕೂದಲಿರುವವರು ಆ ಕಸುಬನ್ನು ಮಾಡಬಾರದೆಂದು ತಡೆಯುವುದು ಹಾಸ್ಯಾಸ್ಪದ, ಏಕೆಂದರೆ ಆ ಭೇದಕ್ಕೂ ಆ ಕಸುಬಿಗೂ ಸಂಬಂಧವಿಲ್ಲ. ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್'ನಲ್ಲಿ ಇದೇ ನಿಲುವನ್ನು ಕೊಳಲಿನ ಮೂಲಕ ಮುಂದಿಡುತ್ತಾನೆ: ಒಳ್ಳೆಯ ಕೊಳಲು ಸಲ್ಲಬೇಕಾದದ್ದು ಚೆನ್ನಾಗಿ ನುಡಿಸುವವರಿಗೆ, ಕುಲವಂತರಿಗೋ ರೂಪವಂತರಿಗೋ ಅಲ್ಲ. ಹೆಂಗಸಿನ ಬಗ್ಗೆ ಅರಿಸ್ಟಾಟಲ್ ತಳೆದ ಅಭಿಪ್ರಾಯಗಳು ಈ ಸೂತ್ರಕ್ಕೇ ವಿರುದ್ಧವಾಗಿದ್ದವು ಎಂಬುದು ಅವನ ವಿಚಾರದ ದೊಡ್ಡ ಲೋಪ, ಆದರೆ ಸೂತ್ರ ಮಾತ್ರ ಗಟ್ಟಿಯಾಗಿಯೇ ಉಳಿದಿದೆ. ಭೇದವೊಂದು ಇದೆಯೆಂದು ತೋರಿಸಿದರೆ ಸಾಲದು, ಅದು ನಡೆಯುತ್ತಿರುವ ಕೆಲಸಕ್ಕೆ ತಟ್ಟುವ ಭೇದವೆಂದು ತೋರಿಸಬೇಕು. ಗ್ಲೈಡಿಂಗಿನಲ್ಲಿ ಹಾಗೆ ತೋರಿಸಲು ಸಾಧ್ಯವಿಲ್ಲ. ಆದ್ದರಿಂದ ಪುರುಷರಿಗೆ ಒಂದು, ಮಹಿಳೆಯರಿಗೆ ಒಂದು ಎಂದು ಎರಡೂ ಕಡೆಯಿಂದ ಬಾಗಿಲು ಹಾಕಿದ ವಿಂಗಡಣೆ ಈ ಕ್ರೀಡೆಯಲ್ಲಿ ಅನ್ಯಾಯವೇ ಆಗುತ್ತದೆ.

ಇತಿಹಾಸದ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. 1952ರಲ್ಲಿ ಸ್ಪೇನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಇಬ್ಬರ ಆಸನದ ವಿಭಾಗದಲ್ಲಿ ಜರ್ಮನಿಯ ಹಾನಾ ರೈಟ್ಷ್ ಪುರುಷರ ನಡುವೆ ಹಾರಿ ಮೂರನೆಯ ಸ್ಥಾನ ಪಡೆದರು. ನಾತ್ಸಿ ಆಡಳಿತದ ಜೊತೆ ಅವರಿಗಿದ್ದ ನಿಕಟ ಸಂಬಂಧವನ್ನು ಯಾವ ಪದಕವೂ ಮರೆಸಲಾರದು, ಮರೆಸಲೂಬಾರದು. ಇಲ್ಲಿ ಅವರ ಹೆಸರು ಬರುವುದು ಹಾರಾಟದ ಕೌಶಲಕ್ಕೆ ಸಾಕ್ಷಿಯಾಗಿ ಮಾತ್ರ. ಇದೇ ರೈಟ್ಷ್ 1959ರಲ್ಲಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇಲೆ ಭಾರತಕ್ಕೆ ಬಂದು ದೆಹಲಿಯ ಮೇಲೆ ಅವರನ್ನು ಗ್ಲೈಡರಿನಲ್ಲಿ ಹಾರಿಸಿದ್ದರು. ಬ್ರಿಟನ್ನಿನ ಆನ್ ಬರ್ನ್ಸ್ ಅವರ ಉದಾಹರಣೆ ಇನ್ನಷ್ಟು ನಿಚ್ಚಳವಾದದ್ದು. ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದು, ಗಾಳಿಯ ಹೊಡೆತ ವಿಮಾನದ ರಚನೆಯ ಮೇಲೆ ಮಾಡುವ ಪರಿಣಾಮವನ್ನು ಅಧ್ಯಯನ ಮಾಡಿದ ಅವರು 1966ರಲ್ಲಿ ಎಲ್ಲರಿಗೂ ತೆರೆದಿದ್ದ ಬ್ರಿಟಿಷ್ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನು ಗೆದ್ದರು, ಆ ಗೌರವ ಪಡೆದ ಮೊದಲ ಮಹಿಳೆಯಾದರು. ಗೆಲ್ಲಲು ಸಾಧ್ಯವೇ ಎಂಬ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಹಾಗಾದರೆ ಎಲ್ಲರಿಗೂ ತೆರೆದಿರುವ ವಿಶ್ವ ಚಾಂಪಿಯನ್‌ಶಿಪ್ಪಿನ ಫಲಿತಾಂಶಪಟ್ಟಿಯ ಮೇಲ್ತುದಿಯಲ್ಲಿ ಮಹಿಳೆಯರ ಹೆಸರು ಏಕೆ ಇಷ್ಟು ವಿರಳ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಬಹುಪಾಲು ಉತ್ತರ ಸಂಖ್ಯೆಯಲ್ಲೇ ಇದೆ. ಬಹುತೇಕ ದೇಶಗಳ ಗ್ಲೈಡಿಂಗ್ ಕ್ಲಬ್‌ಗಳಲ್ಲಿ ಮಹಿಳೆಯರ ಪಾಲು ತೀರಾ ಚಿಕ್ಕದು. ಸಾಮರ್ಥ್ಯದ ಹಂಚಿಕೆ ಒಂದೇ ತೆರನಾಗಿದ್ದರೂ, ಸಾವಿರ ಜನರ ಗುಂಪಿನಲ್ಲಿ ಸಿಗುವ ಅತ್ಯುತ್ತಮರು ಐವತ್ತು ಜನರ ಗುಂಪಿನಲ್ಲಿ ಸಿಗುವ ಅತ್ಯುತ್ತಮರಿಗಿಂತ ಮುಂದಿರುವ ಸಂಭವ ಬಹಳ ಹೆಚ್ಚು; ಇದು ಸಂಖ್ಯಾಶಾಸ್ತ್ರದ ಸಾಮಾನ್ಯ ನಿಯಮ, ಇದರಲ್ಲಿ ಹೆಣ್ಣು ಗಂಡಿನ ಮಾತೇ ಇಲ್ಲ. ಚದುರಂಗದ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಜರ್ಮನಿಯ ಆಟಗಾರರ ಪಟ್ಟಿಯನ್ನು ಪರಿಶೀಲಿಸಿ, ಅಗ್ರ 100 ಪುರುಷರಿಗೂ ಅಗ್ರ 100 ಮಹಿಳೆಯರಿಗೂ ಇರುವ ಅಂತರದ ಶೇಕಡಾ 96ರಷ್ಟು ಭಾಗ ಈ ಭಾಗವಹಿಸುವಿಕೆಯ ವ್ಯತ್ಯಾಸದಿಂದಲೇ ವಿವರಿಸಲ್ಪಡುತ್ತದೆಂದು ತೋರಿಸಿತು. ಆ ಲೆಕ್ಕದ ವಿಧಾನವನ್ನು ಬೇರೆ ವಿದ್ವಾಂಸರು ಪ್ರಶ್ನಿಸಿದ್ದಾರೆ, ಆದ್ದರಿಂದ ಅದನ್ನೇ ಕೊನೆಯ ಮಾತೆಂದು ಹಿಡಿಯಬೇಕಾಗಿಲ್ಲ. ಆದರೆ ಮೇಲ್ತುದಿಯ ಅಂತರವನ್ನು ಕಂಡ ಕೂಡಲೇ ಅದನ್ನು ಹುಟ್ಟಿನ ಕೊರತೆಯೆಂದು ಓದುವ ಅವಸರಕ್ಕೆ ಅದು ತಕ್ಕ ತಡೆ ಒಡ್ಡುತ್ತದೆ.

ಪ್ರಶ್ನೆಯ ಭಾರ ಈಗ ಬೇರೆ ಕಡೆಗೆ ಸರಿಯುತ್ತದೆ: ಸಂಖ್ಯೆ ಏಕೆ ಕಡಿಮೆ? ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬ ಜೇಡರ ದಾಸಿಮಯ್ಯನ ದರ್ಶನವನ್ನು ಬಲ್ಲ ಕನ್ನಡದ ಓದುಗರಿಗೆ ಪ್ಲೇಟೋನ ಮಾತು ಅಪರಿಚಿತವೆನಿಸದು. ಆದರೆ ಆತ್ಮದ ಮಟ್ಟದಲ್ಲಿ ಇತ್ಯರ್ಥವಾದದ್ದು ಲೋಕದ ಮಟ್ಟದಲ್ಲಿ ಇತ್ಯರ್ಥವಾಗಿರುವುದಿಲ್ಲ. ಥರ್ಮಲ್ಲಿನಲ್ಲಿ ಸುತ್ತುವ ಹೊತ್ತಿಗೆ ಪೈಲಟ್ ಒಬ್ಬರ ಹಿಂದೆ ವರ್ಷಗಟ್ಟಲೆ ವಾರಾಂತ್ಯಗಳು ಸಂದಿರುತ್ತವೆ. ಗ್ಲೈಡಿಂಗ್ ಇಡೀ ದಿನವನ್ನು ನುಂಗುವ ಕ್ರೀಡೆ. ಬೆಳಿಗ್ಗೆ ಗ್ಲೈಡರುಗಳನ್ನು ಜೋಡಿಸಬೇಕು, ಸರದಿಗಾಗಿ ಕಾಯಬೇಕು, ಬೇರೆಯವರ ರೆಕ್ಕೆ ಹಿಡಿದು ಓಡಬೇಕು, ಸಂಜೆ ಎಲ್ಲವನ್ನೂ ಬಿಚ್ಚಿಡಬೇಕು. ಮನೆಯ ಮತ್ತು ಮಕ್ಕಳ ಹೊಣೆ ಯಾರ ಹೆಗಲ ಮೇಲಿದೆಯೋ ಅವರಿಗೆ ಇಂಥ ದಿನಗಳು ಸುಲಭಕ್ಕೆ ಸಿಗುವುದಿಲ್ಲ.

ಇದಕ್ಕಿಂತ ನಿಕಟವಾದ, ಆದರೆ ಸಂಕೋಚದಿಂದಾಗಿ ಗ್ರಂಥಗಳಲ್ಲಿ ಅಷ್ಟಾಗಿ ಬರದ ಒಂದು ತೊಡಕಿದೆ. ಐದು ಗಂಟೆಯ ಹಾರಾಟದಲ್ಲಿ ಮೂತ್ರ ವಿಸರ್ಜನೆ ಅನಿವಾರ್ಯ. ಗಂಡಸರಿಗೆ ಕೊಳವೆಯೋ ಚೀಲವೋ ಸಾಕಾಗುತ್ತದೆ. ಪಟ್ಟಿ ಬಿಗಿದು ಒರಗಿ ಮಲಗಿರುವ ಮಹಿಳೆಗೆ ಇದೊಂದು ಕಠಿಣ ಸಮಸ್ಯೆ, ಕಾಕ್‌ಪಿಟ್ಟನ್ನು ರೂಪಿಸಿದವರು ಅದರ ಬಗ್ಗೆ ಬಹುಕಾಲ ಯೋಚಿಸಿದಂತೆ ಕಾಣುವುದಿಲ್ಲ. ನೀರು ಕುಡಿಯದೆ ಹಾರಿದರೆ ದೇಹದ ನೀರಿನಂಶ ಇಳಿದು ತಲೆನೋವು, ಬಳಲಿಕೆ ಶುರುವಾಗಿ, ನಿರ್ಧಾರ ತೆಗೆದುಕೊಳ್ಳುವ ಶಕ್ತಿಯೇ ಕುಗ್ಗುತ್ತದೆ, ಅಂದರೆ ಈ ಕ್ರೀಡೆ ಅಳೆಯುವ ಗುಣವೇ ಕುಗ್ಗುತ್ತದೆ. ಪೆಡಲಿನ ದೂರ, ಆಸನದ ಆಳ, ಪ್ಯಾರಾಚೂಟ್ ಪಟ್ಟಿಗಳ ಅಳತೆ ಇವೆಲ್ಲ ಸರಾಸರಿ ಗಂಡಸಿನ ಮೈಕಟ್ಟನ್ನು ಮನಸ್ಸಿನಲ್ಲಿಟ್ಟು ಬಂದವು. ಜಾನ್ ಸ್ಟುವರ್ಟ್ ಮಿಲ್ 1869ರಲ್ಲಿ ಪ್ರಕಟಿಸಿದ ಸ್ತ್ರೀಯರ ಅಧೀನತೆಯ ಕುರಿತಾದ ಪ್ರಬಂಧದಲ್ಲಿ, ಹೆಣ್ಣಿನ ಸ್ವಭಾವವೆಂದು ಕರೆಯಲಾಗುತ್ತಿರುವುದು ಬಹುಮಟ್ಟಿಗೆ ಒತ್ತಾಯ ಮತ್ತು ತಡೆಗಳಿಂದ ತಯಾರಾದದ್ದೆಂದು ವಾದಿಸಿದ್ದ. ಕಾಕ್‌ಪಿಟ್ಟಿನ ವಿಷಯದಲ್ಲಿ ಆ ತಡೆಯನ್ನು ಕೈಯಿಂದ ಮುಟ್ಟಿಯೇ ನೋಡಬಹುದು.

ಇಲ್ಲಿಗೆ ಮಹಿಳಾ ಚಾಂಪಿಯನ್‌ಶಿಪ್ಪಿನ ರಚನೆಯನ್ನು ನೋಡಬೇಕಾಗುತ್ತದೆ. ಗ್ಲೈಡಿಂಗಿನಲ್ಲಿ ಪುರುಷರ ವಿಶ್ವ ಚಾಂಪಿಯನ್‌ಶಿಪ್ ಎಂಬುದೊಂದಿಲ್ಲ. ಎಲ್ಲರಿಗೂ ತೆರೆದಿರುವ ಒಂದು ಸ್ಪರ್ಧೆಯಿದೆ, ಅದರ ಪಕ್ಕದಲ್ಲಿ ಮಹಿಳೆಯರಿಗೆ ಮಾತ್ರ ಮೀಸಲಾದ ಇನ್ನೊಂದಿದೆ. ಮಹಿಳೆ ಎರಡರಲ್ಲೂ ಹಾರಬಹುದು. ತೆರೆದ ಸ್ಪರ್ಧೆಗೆ ಪ್ರತಿ ದೇಶ ಪ್ರತಿ ವಿಭಾಗದಲ್ಲಿ ಬೆರಳೆಣಿಕೆಯ ಪೈಲಟ್‌ಗಳನ್ನಷ್ಟೇ ಕಳುಹಿಸಬಹುದಾದ್ದರಿಂದ, ಸಣ್ಣ ಗುಂಪಿನಿಂದ ಬಂದವರಿಗೆ ಅಂತರರಾಷ್ಟ್ರೀಯ ಅನುಭವ ಸಿಗುವ ಸಂಭವವೇ ಕಡಿಮೆ, ಅನುಭವವಿಲ್ಲದೆ ಆಯ್ಕೆಯಾಗುವ ಸಂಭವ ಇನ್ನೂ ಕಡಿಮೆ. ಈ ಸುಳಿಯಿಂದ ಹೊರಬರಲು ಮೀಸಲು ಸ್ಪರ್ಧೆ ಒಂದು ದಾರಿಯಾಗುತ್ತದೆ. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜೇನ್ ಇಂಗ್ಲಿಷ್ 1978ರಲ್ಲಿ ಬರೆದ ಲೇಖನದಲ್ಲಿ ಕ್ರೀಡೆಯ ಫಲಗಳನ್ನು ಎರಡು ಬಗೆಯಾಗಿ ಗುರುತಿಸಿದ್ದರು. ಆರೋಗ್ಯ, ಸಂತೋಷ, ಆತ್ಮಗೌರವದಂಥವು ಮೂಲಭೂತ ಫಲಗಳು, ಅವುಗಳ ಮೇಲೆ ಎಲ್ಲರಿಗೂ ಸಮಾನ ಹಕ್ಕಿದೆ. ಪದಕ, ಕೀರ್ತಿ, ಹಣದಂಥವು ವಿರಳ ಫಲಗಳು, ಅವು ಕೆಲವರಿಗಷ್ಟೇ ಸಿಗಲು ಸಾಧ್ಯ. ಆದರೆ ಒಂದು ಇಡೀ ಸಮುದಾಯದಿಂದ ಯಾರೂ ಆ ವಿರಳ ಫಲಗಳನ್ನು ಮುಟ್ಟದೇ ಹೋದಾಗ, ಆ ಸಮುದಾಯಕ್ಕೆ ಸೇರಿದ ಪ್ರತಿಯೊಬ್ಬರ ಆತ್ಮಗೌರವಕ್ಕೂ ಪೆಟ್ಟು ಬೀಳುತ್ತದೆಂಬುದು ಅವರ ವಾದದ ಮಹತ್ವದ ಭಾಗ. ಹದಿನಾರರ ಹುಡುಗಿಯೊಬ್ಬಳು ವಾಯುನೆಲೆಯ ಅಂಚಿನಲ್ಲಿ ನಿಂತು ತನ್ನಂಥವರು ಗೆದ್ದದ್ದನ್ನು ನೋಡುವುದರಲ್ಲಿ ಇರುವ ಬಲವನ್ನು ಈ ವಾದ ಗುರುತಿಸುತ್ತದೆ, ಅದು ಸರಿಯಾಗಿಯೇ ಇದೆ.

ಸ್ವೀಡನ್ನಿನ ತತ್ತ್ವಜ್ಞ ತೊರ್ಬಿಯೋರ್ನ್ ತಾನ್‌ಶೋ ಇದಕ್ಕೆ ತೀರಾ ವಿರುದ್ಧವಾಗಿ, ಕ್ರೀಡೆಯಲ್ಲಿ ಲಿಂಗಾಧಾರಿತ ವಿಂಗಡಣೆಯನ್ನೇ ಕೈಬಿಡಬೇಕೆಂದು ವಾದಿಸಿದವರು. ಓಟದ ಕಣದ ಮಟ್ಟಿಗೆ ಅವರ ಮಾತನ್ನು ಒಪ್ಪುವುದು ಕಷ್ಟ, ಆದರೆ ಮೀಸಲು ಸ್ಪರ್ಧೆ ಅದನ್ನು ಗೆದ್ದವರ ಸಾಧನೆಯನ್ನೇ ಎರಡನೆಯ ದರ್ಜೆಗೆ ಇಳಿಸಬಹುದೆಂಬ ಆತಂಕವನ್ನು ಗ್ಲೈಡಿಂಗಿನ ಮಟ್ಟಿಗೆ ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಚದುರಂಗದಲ್ಲಿ ಮಹಿಳೆಯರಿಗೆಂದೇ ಇರುವ ಗ್ರ್ಯಾಂಡ್‌ಮಾಸ್ಟರ್ ಬಿರುದಿಗೆ 2300 ರೇಟಿಂಗ್ ಸಾಕು, ಎಲ್ಲರಿಗೂ ತೆರೆದಿರುವ ಬಿರುದಿಗೆ 2500 ಬೇಕು. ಈ ಇನ್ನೂರರ ರಿಯಾಯಿತಿ ಯಾರನ್ನೂ ಮೇಲೆತ್ತುವುದಿಲ್ಲ, ಕಡಿಮೆಯನ್ನೇ ನಿರೀಕ್ಷಿಸುವುದನ್ನು ಕಲಿಸುತ್ತದೆ. ಹಂಗೆರಿಯ ಯೂದಿತ್ ಪೋಲ್ಗಾರ್ ಮಹಿಳಾ ವಿಶ್ವ ಪ್ರಶಸ್ತಿಯ ಬೆನ್ನು ಹತ್ತದೆ ಎಲ್ಲರೊಡನೆ ಆಡಿ ವಿಶ್ವದ ಮೊದಲ ಹತ್ತು ಆಟಗಾರರಲ್ಲಿ ಒಬ್ಬರಾದರು. ಎರಡೂ ಕಡೆ ಬಾಗಿಲು ಹಾಕಿದರೆ ಏನಾಗುತ್ತದೆಂಬುದಕ್ಕೆ ಶೂಟಿಂಗ್‌ನ ಸ್ಕೀಟ್ ಸ್ಪರ್ಧೆ ಸಾಕ್ಷಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗೂ ತೆರೆದಿದ್ದ ಆ ಸ್ಪರ್ಧೆಯನ್ನು ಚೀನಾದ ಜಾಂಗ್ ಶಾನ್ ಗೆದ್ದರು. 1996ರಲ್ಲಿ ಅದು ಪುರುಷರಿಗೆ ಮಾತ್ರ ಎಂದಾಯಿತು, ಮಹಿಳೆಯರ ಸ್ಕೀಟ್ ಬಂದದ್ದು 2000ದಲ್ಲಿ. ನಿರ್ಧಾರದ ಹಿನ್ನೆಲೆ ಏನೇ ಇರಲಿ, ಒಲಿಂಪಿಕ್ ಚಾಂಪಿಯನ್ ಒಬ್ಬರಿಗೆ ತಮ್ಮ ಪದಕವನ್ನು ಕಾಯ್ದುಕೊಳ್ಳಲು ಕಣವೇ ಇಲ್ಲದಂತಾಯಿತು.

ಈ ಎರಡು ಅಪಾಯಗಳ ನಡುವೆ ಮಹಿಳಾ ಗ್ಲೈಡಿಂಗ್ ಚಾಂಪಿಯನ್‌ಶಿಪ್ ನ್ಯಾಯವಾಗಿ ಉಳಿಯಬೇಕಾದರೆ ಅದು ತನ್ನ ಸಮರ್ಥನೆಯನ್ನು ಸರಿಯಾದ ಕಡೆಯಿಂದ ಪಡೆಯಬೇಕು. ದೇಹದ ಕೊರತೆಗೆ ಕೊಟ್ಟ ರಿಯಾಯಿತಿಯೆಂದು ಅದನ್ನು ಹೇಳಿದರೆ ಮಾತು ಸುಳ್ಳಾಗುತ್ತದೆ. ಅವಕಾಶದಲ್ಲಿ ಆದ ಕೊರತೆಗೆ ಮಾಡಿದ ತಾತ್ಕಾಲಿಕ ಪರಿಹಾರವೆಂದರೆ ಮಾತು ನಿಲ್ಲುತ್ತದೆ. ಈ ವ್ಯತ್ಯಾಸದಿಂದ ಹುಟ್ಟುವ ಪರಿಣಾಮಗಳು ಸಣ್ಣವಲ್ಲ. ಓಟದ ಕಣದಲ್ಲಿ ಮಹಿಳಾ ವಿಭಾಗಕ್ಕೆ ಯಾರು ಸೇರಬೇಕೆಂದು ನಿರ್ಧರಿಸಲು ಹಾರ್ಮೋನುಗಳ ಮಟ್ಟವನ್ನು ಅಳೆಯುವ ಕಹಿ ವಿವಾದಗಳು ನಡೆದಿವೆ. ಗ್ಲೈಡಿಂಗಿನಲ್ಲಿ ಅಂಥ ಪರೀಕ್ಷೆಗೆ ಅರ್ಥವೇ ಇಲ್ಲ, ಏಕೆಂದರೆ ಇಲ್ಲಿ ಮೀಸಲಿಗೆ ಆಧಾರವಾಗಿರುವುದು ರಕ್ತದಲ್ಲಿರುವ ಯಾವ ವಸ್ತುವೂ ಅಲ್ಲ, ಹೆಣ್ಣಾಗಿ ಬಾಳುವವರಿಗೆ ಸಮಾಜ ಒಡ್ಡುವ ಅಡಚಣೆಗಳು. ಯಾರ ಮೈಯನ್ನೂ ತನಿಖೆಗೆ ಒಳಪಡಿಸದೆ ನಡೆಯಬಲ್ಲ ಮಹಿಳಾ ಸ್ಪರ್ಧೆ ಎಂಬುದು ಈ ಕ್ರೀಡೆಗಿರುವ ದೊಡ್ಡ ಅನುಕೂಲ, ಅದನ್ನು ಕಳೆದುಕೊಳ್ಳಬಾರದು.

ಪರಿಹಾರವೆಂದ ಮೇಲೆ ಅದಕ್ಕೊಂದು ಕೊನೆಯೂ ಇರಬೇಕಾಗುತ್ತದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಟೆರ್ಲೆಟ್‌ನಲ್ಲಿ ಆರಂಭವಾದ ಕಿರಿಯರ ವಿಶ್ವ ಚಾಂಪಿಯನ್‌ಶಿಪ್ ಕೂಡ ಮೀಸಲು ಸ್ಪರ್ಧೆಯೇ, ಆದರೆ ಅದರ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ವಯಸ್ಸಿನ ಮಿತಿ ದಾಟಿದೊಡನೆ ಪ್ರತಿಯೊಬ್ಬರೂ ತೆರೆದ ಸ್ಪರ್ಧೆಗೆ ಹೋಗಲೇಬೇಕು, ಹೋಗುವ ಗಳಿಗೆಯನ್ನು ಕಾಲವೇ ಗೊತ್ತುಮಾಡುತ್ತದೆ. ಲಿಂಗದ ಮೀಸಲಿಗೆ ಅಂಥ ಸಹಜವಾದ ನಿರ್ಗಮನ ದ್ವಾರವಿಲ್ಲ. ಒಬ್ಬ ಪೈಲಟ್ ಇಡೀ ಬದುಕನ್ನು ಮಹಿಳಾ ಸ್ಪರ್ಧೆಗಳಲ್ಲೇ ಕಳೆದು, ಅಲ್ಲಿ ಹಲವು ಪದಕ ಗೆದ್ದು, ತೆರೆದ ಕಣದ ಕಡೆ ಒಮ್ಮೆಯೂ ಸುಳಿಯದಿರಲು ಸಾಧ್ಯ. ರಾಷ್ಟ್ರೀಯ ಸಂಸ್ಥೆಗಳೂ ಮಹಿಳೆಯರಿಗೆ ಬೇರೆ ಸ್ಪರ್ಧೆಯಿದೆಯಲ್ಲ ಎಂದು ತೆರೆದ ತಂಡಕ್ಕೆ ಅವರನ್ನು ಪರಿಗಣಿಸದೆ ಬಿಡುವ ನೆಪ ಹುಡುಕಿಕೊಳ್ಳಬಹುದು. ಆದ್ದರಿಂದ ಸ್ಪರ್ಧೆಯ ಯಶಸ್ಸನ್ನು ಅದರೊಳಗಿನ ಪದಕಗಳ ಎಣಿಕೆಯಿಂದ ಅಳೆಯದೆ, ಅಲ್ಲಿ ಗೆದ್ದವರಲ್ಲಿ ಎಷ್ಟು ಜನ ನಂತರ ತೆರೆದ ಚಾಂಪಿಯನ್‌ಶಿಪ್ಪಿನ ತಂಡಗಳಿಗೆ ಬಂದರು ಎಂಬುದರಿಂದ ಅಳೆಯುವುದೇ ಸೂಕ್ತ. ಆ ದಾರಿಯಲ್ಲಿ ಮಹಿಳೆಯರ ಸಂಖ್ಯೆ ಏರುತ್ತಿದ್ದರೆ ಮೀಸಲು ಸ್ಪರ್ಧೆ ತನ್ನ ಕೆಲಸ ಮಾಡುತ್ತಿದೆ. ದಶಕಗಳ ನಂತರವೂ ಏರದಿದ್ದರೆ ಅದು ಏಣಿಯಾಗುವ ಬದಲು ಅಂಗಳದ ಬೇಲಿಯಾಗಿದೆ ಎಂದು ಒಪ್ಪಿಕೊಂಡು ಹಣವನ್ನೂ ಶ್ರಮವನ್ನೂ ತರಬೇತಿಗೆ, ಕಾಕ್‌ಪಿಟ್ಟಿನ ಮರುವಿನ್ಯಾಸಕ್ಕೆ, ಹುಡುಗಿಯರ ಶುಲ್ಕಕ್ಕೆ ತಿರುಗಿಸುವ ಧೈರ್ಯ ಬೇಕಾಗುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಸ್ಪರ್ಧೆಗಿಂತ ಹೆಚ್ಚು ಪ್ರಶ್ನಾರ್ಹವಾಗಿ ಕಾಣುವುದು ದಾಖಲೆಗಳ ಪ್ರತ್ಯೇಕತೆ. ಅಂತರರಾಷ್ಟ್ರೀಯ ವೈಮಾನಿಕ ಕ್ರೀಡಾ ಒಕ್ಕೂಟ ದೂರ, ವೇಗ, ಎತ್ತರಗಳ ಸಾಮಾನ್ಯ ದಾಖಲೆಗಳ ಜೊತೆಗೆ ಮಹಿಳೆಯರ ದಾಖಲೆಗಳನ್ನೂ ಬೇರೆಯಾಗಿ ಇಡುತ್ತ ಬಂದಿದೆ. ಪೋಲೆಂಡಿನ ಪೆಲಾಜಿಯಾ ಮಾಯೆವ್ಸ್ಕಾ ಮತ್ತು ಅದೇಲಾ ದಾಂಕೋವ್ಸ್ಕಾ ಅವರಂಥ ಅಸಾಧಾರಣ ಪೈಲಟ್‌ಗಳ ಹೆಸರು ಲೋಕಕ್ಕೆ ಮುಟ್ಟಿದ್ದು ಆ ಪಟ್ಟಿಯ ಮೂಲಕವೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸ್ಪರ್ಧೆ ಅನುಭವ ಕೊಡುತ್ತದೆ, ಜೊತೆಗಾರರನ್ನು ಕೊಡುತ್ತದೆ, ಮುಂದಿನ ಮೆಟ್ಟಿಲಿಗೆ ಸಿದ್ಧಪಡಿಸುತ್ತದೆ. ದಾಖಲೆ ಇವೊಂದನ್ನೂ ಕೊಡುವುದಿಲ್ಲ. ಅದು ಮನುಷ್ಯರಿಂದ ಇಲ್ಲಿಯವರೆಗೆ ಸಾಧ್ಯವಾದದ್ದು ಇಷ್ಟು ಎಂದು ಹೇಳುವ ಗುರುತು. ಮಹಿಳೆಯರಿಂದ ಸಾಧ್ಯವಾದದ್ದು ಇಷ್ಟು ಎಂದು ಇನ್ನೊಂದು ಗುರುತನ್ನು ಅದರ ಕೆಳಗೆ ಕೊರೆದಾಗ, ಗಾಳಿ ಇಬ್ಬರಿಗೂ ಒಂದೇ, ಗ್ಲೈಡರ್ ಇಬ್ಬರಿಗೂ ಒಂದೇ ಆಗಿರುವ ಕ್ರೀಡೆಯಲ್ಲಿ ಆ ಎರಡನೆಯ ಗುರುತು ಇಲ್ಲದ ಎಲ್ಲೆಯೊಂದನ್ನು ಇದೆಯೆಂದು ಸಾರುತ್ತದೆ. ಹಳೆಯ ದಾಖಲೆಗಳನ್ನು ಇತಿಹಾಸದ ಗೌರವದೊಂದಿಗೆ ಉಳಿಸಿಕೊಂಡು, ಹೊಸದಾಗಿ ಒಂದೇ ಪಟ್ಟಿಯನ್ನು ಮುಂದುವರಿಸುವುದಕ್ಕೆ ಒಕ್ಕೂಟಕ್ಕೆ ತಾತ್ತ್ವಿಕವಾದ ಅಡ್ಡಿ ಯಾವುದೂ ಇಲ್ಲ.